ತೊಂಬತ್ತೊಂಬತ್ತು ಪ್ಲೇಟು ಒಡೆದವಳು

ಎರಡು ದೊಡ್ಡ ದೇಶಗಳ ನಡುವೆ ಒಂದು ಸಣ್ಣ ನಾಡಿತ್ತು. ಇತ್ತು ಅಂತ ಅಲ್ಲಿಯವರು ಹೇಳುತ್ತಿದ್ದರು, ಅಷ್ಟೆ. ನಕ್ಷೆ ಬರೆಯುವವರನ್ನು ಕೇಳಿದರೆ ಇರಲಿಲ್ಲ. ಅವರ ನಕ್ಷೆಯಲ್ಲಿ ಆ ಜಾಗಕ್ಕೆ ಮಾಸಲು ಹಳದಿ ಬಳಿದು, ಹೆಸರು ಬರೆಯದೆ ಬಿಟ್ಟಿದ್ದರು. ನಾಡಿನ ನಡುವೆ ಒಂದು ಹೊಳೆ. ಹೊಳೆಯ ಈಚೆ ದಡದಲ್ಲಿ ಬದುಕಿದವರ ಮನೆಗಳು, ಆಚೆ ದಡದಲ್ಲಿ ಸತ್ತವರ ಮಣ್ಣು. ಬೆಳಗಾದರೆ ಜನ ಹೊಳೆ ದಾಟಿ ಹೋಗಿ, ತಮ್ಮವರ ಮಣ್ಣಿನ ಮೇಲೆ ಒಂದು ಬೊಗಸೆ ನೀರು ಹಾಕಿ ಬರುತ್ತಿದ್ದರು. ಅದು ಬಿಟ್ಟರೆ ಹೇಳಿಕೊಳ್ಳುವಂಥ ಆಚಾರ ಅವರಿಗೇನೂ ಇರಲಿಲ್ಲ.

ಆ ನಾಡಿನಲ್ಲಿ ಡ್ರಮ್ಮು ಬಾರಿಸುವವಳು ಒಬ್ಬಳಿದ್ದಳು. ಪ್ರಾಯದಲ್ಲಿ ಅವಳೂ ಇನ್ನು ಮೂವರೂ ಸೇರಿ ಒಂದು ತಂಡ ಕಟ್ಟಿದ್ದರು. ಒಬ್ಬ ಹಾಡುವವನು, ಒಬ್ಬಳು ಗಿಟಾರಿನವಳು, ಒಬ್ಬ ದಪ್ಪ ತಂತಿಯ ಗಿಟಾರಿನವನು. ರಾಕ್ ಅಂತಾರಲ್ಲ, ಆ ಥರದ್ದು. ಕಿವಿ ಹರಿದುಹೋಗಬೇಕು, ಹಾಗೆ ಬಾರಿಸುತ್ತಿದ್ದರು. ಊರ ಹಿರಿಯರು ಕಿವಿಗೆ ಹತ್ತಿ ತುರುಕಿಕೊಂಡು ಬೈಯುತ್ತಿದ್ದರು, ಬೈಯುತ್ತ ಬೈಯುತ್ತಲೇ ಕಾಲು ಕುಣಿಸುತ್ತಿದ್ದರು. ಒಂದು ಸಲ ಈ ನಾಲ್ವರೂ ಪರದೇಶದ ಕಾರ್ಖಾನೆಯೊಂದಕ್ಕೆ ಹೋಗಿ, ತಮ್ಮ ಒಂದೇ ಒಂದು ಹಾಡನ್ನು ಗ್ರಾಮಫೋನಿನ ಪ್ಲೇಟು ಮಾಡಿಸಿದರು. ನೂರು ಪ್ಲೇಟು. ಹೊದಿಕೆಯ ಮೇಲೆ ನಮ್ಮ ನಾಡಿನ ಹೆಸರು ಹಾಕಿ ಅಂದರೆ, ಕಾರ್ಖಾನೆಯವರು ನಕ್ಷೆ ತೆಗೆದು ನೋಡಿ, “ಇಲ್ಲದ ನಾಡಿನ ಹೆಸರು ಅಚ್ಚು ಹಾಕೋಕಾಗಲ್ಲ” ಅಂದುಬಿಟ್ಟರು. ಹೀಗಾಗಿ ನೂರು ಪ್ಲೇಟೂ ಬರೀ ಬಿಳಿ ಹೊದಿಕೆಯಲ್ಲಿ ಹೊರಬಿದ್ದವು. ಲಾರಿಯಲ್ಲಿ, ಹಡಗಿನಲ್ಲಿ, ಯಾರ್ಯಾರದೋ ಕೈಚೀಲದಲ್ಲಿ ದೇಶದೇಶಕ್ಕೆ ಹೋದವು.

ಆಮೇಲೆ ಒಬ್ಬರ ಹಿಂದೆ ಒಬ್ಬರಂತೆ ಮೂವರು ತೀರಿಕೊಂಡರು. ಮೂವರನ್ನೂ ಆಚೆ ದಡದಲ್ಲಿ ಒಂದೇ ಸಾಲಿಗೆ ಮಣ್ಣು ಮಾಡಿದರು. ನಾಲ್ಕನೆಯ ಜಾಗಕ್ಕೆ ಸುತ್ತ ಕಲ್ಲಿಟ್ಟು ಖಾಲಿ ಬಿಟ್ಟರು. ಅದು ಡ್ರಮ್ಮಿನವಳ ಜಾಗ. ಮದುವೆ ಮಕ್ಕಳು ಅಂತ ಅವಳಿಗೆ ಯಾರೂ ಇರಲಿಲ್ಲ. ಸತ್ತ ಮೇಲೆ ಆ ಮೂವರ ಪಕ್ಕ ಮಲಗಬೇಕು, ಇಷ್ಟೇ ಅವಳಿಗಿದ್ದ ಆಸೆ.

ಇನ್ನು ಆ ಲೋಕದ ನಿಯಮ ಹೇಳಬೇಕು. ಯಾವುದೇ ನಾಡು ತಾನಾಗಿ ಇರುವಂತಿಲ್ಲ. ಇದೆ ಅಂತ ಬೇರೆಯವರು ಹೇಳಬೇಕು. ಹನ್ನೆರಡು ವರ್ಷಕ್ಕೊಮ್ಮೆ, ನೂರಾರು ಮೆಟ್ಟಿಲಿನ ಒಂದು ಬೆಟ್ಟದ ಮೇಲೆ ಮಹಾಸಭೆ ಸೇರುತ್ತಿತ್ತು. ನೂರ ಹನ್ನೊಂದು ದೇಶಗಳಿಂದ ನೂರ ಹನ್ನೊಂದು ಪ್ರತಿನಿಧಿಗಳು ಬರುತ್ತಿದ್ದರು. ಹೆಸರಿಲ್ಲದ ನಾಡಿನವರು ತಮ್ಮದೊಂದು ವಸ್ತುವನ್ನು ತಂದು ಸಭೆಯ ನಡುವೆ ಇಡಬೇಕು. ನೋಡಿದ ಪ್ರತಿನಿಧಿಗೆ ಒಪ್ಪಿಗೆಯಾದರೆ ಕೈ ಎತ್ತಿ ಒಂದೇ ಮಾತು ಹೇಳಬೇಕು: “ಬಲ್ಲೆ.” ಒಂದು ಕೈಗೆ ಒಂದು ಕಲ್ಲು. ಎಣಿಸುವವನು ತಾಮ್ರದ ಹಂಡೆಗೆ ಕಲ್ಲು ಹಾಕುತ್ತ ಹೋಗುತ್ತಾನೆ. ಐವತ್ತಾರು ಕಲ್ಲು ಬಿದ್ದರೆ ನಾಡು ಇದೆ. ಐವತ್ತೈದು ಬಿದ್ದರೆ ಇಲ್ಲ.

ಒಂದು ಸಭೆಯಲ್ಲಿ ಹೆಸರಿಲ್ಲದ ಒಂದು ದ್ವೀಪದವರು ಬಂಗಾರದ ಬಟ್ಟಲನ್ನು ಇಟ್ಟಿದ್ದರು. ಲೋಕದಲ್ಲಿ ಅಂಥದು ಇನ್ನೊಂದಿಲ್ಲ ಅಂತ ಸಾರಿದರು. ಬಲ್ಲೆ, ಬಲ್ಲೆ, ಬಲ್ಲೆ, ಎಂಬತ್ತು ಕಲ್ಲು ಬಿದ್ದವು. ಮೂಲೆಯಲ್ಲಿ ನಿಂತು ನೋಡುತ್ತಿದ್ದ ನಮ್ಮ ಹೊಳೆನಾಡಿನ ಹಿರಿಯ ಅದನ್ನು ಮನಸ್ಸಿಗೆ ಹಚ್ಚಿಕೊಂಡು ಬಂದ. ಅದೇ ಸಭೆಯಲ್ಲಿ ಇನ್ನೊಂದು ಮಾತೂ ಆಗಿತ್ತು. ಮುಂದಿನ ಸಲ ಹೊಳೆನಾಡಿಗೆ ಐವತ್ತಾರು ಕಲ್ಲು ಬೀಳದಿದ್ದರೆ ಅದನ್ನು ಹೊಳೆಗುಂಟ ಸೀಳಿ, ಈಚೆ ದಡವನ್ನು ಒಂದು ದೊಡ್ಡ ದೇಶಕ್ಕೂ ಆಚೆ ದಡವನ್ನು ಇನ್ನೊಂದು ದೊಡ್ಡ ದೇಶಕ್ಕೂ ಕೊಟ್ಟುಬಿಡುವುದು. ಆಮೇಲೆ ಹೊಳೆ ದಾಟುವ ಹಾಗಿಲ್ಲ. ಬದುಕಿದವರು ಒಂದು ದೇಶ, ಸತ್ತವರು ಇನ್ನೊಂದು ದೇಶ.

ಹಿರಿಯ ತನ್ನ ಮನೆಯ ಗೋಡೆಗೆ ಸುಣ್ಣ ಬಳಿಸಿ, ಇದ್ದಿಲಿನಲ್ಲಿ ನೂರ ಹನ್ನೊಂದು ಗೆರೆ ಎಳೆದ. ಯಾವ ಪ್ರತಿನಿಧಿ ಕೈ ಎತ್ತುತ್ತಾನೆ, ಯಾವನು ಎತ್ತುವುದಿಲ್ಲ ಅಂತ ದಿನಾ ಲೆಕ್ಕ. ಗೆರೆಗೆ ಅಡ್ಡ ಹಾಕುವುದು, ಅಳಿಸುವುದು. ಎಷ್ಟು ಗುದ್ದಾಡಿದರೂ ಮೂವತ್ತರ ಮೇಲೆ ಏರಲಿಲ್ಲ.

“ನಮ್ಮಲ್ಲಿ ಮಾತ್ರ ಇರೋದು ಏನಾದ್ರೂ ಒಂದು ಬೇಕು ಕಣ್ರಪ್ಪ,” ಅಂದ ಹಿರಿಯ. “ಬಂಗಾರ ನಮ್ಮಲ್ಲಿಲ್ಲ. ರಕ್ತ ಇದೆಯಲ್ಲ, ಅದನ್ನೇ ತೋರಿಸೋಣ.”

ರಕ್ತ ಓದುವವನನ್ನು ಕರೆಸಿದರು. ಅವನು ಗಾಜಿನ ನಳಿಗೆಗಳ ಪೆಟ್ಟಿಗೆ ಹೊತ್ತು ಬಂದ. ರಕ್ತದ ಗುರುತು ಉಗುಳಲ್ಲೂ ಸಿಗುತ್ತದೆ ಅಂತ, ಹಸುಳೆಯಿಂದ ಹಿಡಿದು ಹಾಸಿಗೆ ಹಿಡಿದವರವರೆಗೂ ಎಲ್ಲರ ಉಗುಳನ್ನೂ ಒಂದೊಂದು ನಳಿಗೆಯಲ್ಲಿ ತೆಗೆದುಕೊಂಡ. ಎರಡು ವರ್ಷ ಕೂತು ಓದಿದ. ಒಂದು ಬೆಳಿಗ್ಗೆ ಎಲ್ಲರನ್ನೂ ಹೊಳೆದಡಕ್ಕೆ ಕರೆದು, ನಗುನಗುತ್ತ ಎದ್ದು ನಿಂತ.

“ಎಂಥ ಜನರಪ್ಪ ನೀವು! ನಿಮ್ಮ ರಕ್ತದ ಗುರುತು ಇಲ್ಲದ ದೇಶವೇ ಇಲ್ಲ. ಎಲ್ಲಿಯ ನೂರು ಜನರ ಉಗುಳನ್ನು ತೆಗೆದರೂ ಮೂರ್ನಾಲ್ಕು ಮಂದಿಯಲ್ಲಿ ನೀವಿದ್ದೀರಿ. ಯಾವ ಕಾಲದಲ್ಲೋ ನಿಮ್ಮ ಹೆಣ್ಣುಮಕ್ಕಳು, ಗಂಡುಮಕ್ಕಳು ಲೋಕದ ತುಂಬ ಹೋಗಿ ಸಂಸಾರ ಹೂಡಿದ್ದಾರೆ. ನೂರ ಹನ್ನೊಂದು ದೇಶವೂ ನಿಮಗೆ ಬೀಗರೇ!”

ಜನ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುವುದಕ್ಕೇ ಶುರು ಮಾಡಿದಳು. ಹಿರಿಯ ತಲೆ ಮೇಲೆ ಕೈ ಹೊತ್ತು ಕೂತ.

“ಹಾಗಾದ್ರೆ ನಮ್ಮಲ್ಲಿ ಮಾತ್ರ ಇರೋದು?”

“ಅಂಥದ್ದೇನೂ ಇಲ್ಲ,” ಅಂದ ರಕ್ತ ಓದುವವನು. “ಯಾಕೆ, ನಾನು ತಂದದ್ದು ಒಳ್ಳೇ ಸುದ್ದಿಯಲ್ಲವಾ?” ಅವನು ಪೆಚ್ಚುಮೋರೆ ಹಾಕಿಕೊಂಡು ನಳಿಗೆಗಳನ್ನು ಪೆಟ್ಟಿಗೆಗೆ ತುಂಬಿ ಹೊರಟುಹೋದ.

ಅವನನ್ನು ಅವತ್ತು ತಡೆದು, ಒಂದು ಲೋಟ ಮಜ್ಜಿಗೆ ಕೊಟ್ಟು, ಆ ಮಾತನ್ನು ಇನ್ನೊಂದು ಸಲ ಹೇಳು ಅಂದಿದ್ದರೆ ಸಾಕಿತ್ತು. ಯಾರಿಗೂ ಹೊಳೆಯಲಿಲ್ಲ. ಏನು ಮಾಡೋದು, ಬಟ್ಟಲು ಅವರ ಕಣ್ಣಿಗೆ ಕಟ್ಟಿತ್ತು.

ಹಿರಿಯ ಡ್ರಮ್ಮಿನವಳ ಮನೆಗೆ ಬಂದ. “ತಂಗಿ, ನಿಮ್ಮ ಪ್ಲೇಟು ಎಷ್ಟಿದಾವೆ?”

“ನನ್ನ ಹತ್ರ ಒಂದು. ಮಿಕ್ಕ ತೊಂಬತ್ತೊಂಬತ್ತು ಎಲ್ಲೆಲ್ಲೋ ಇದಾವೆ ಅಣ್ಣ. ಎಲ್ಲಿಗೆ ಹೋದವು ಅಂತ ಬರೆದಿಟ್ಟಿದ್ದೀನಿ.”

“ನೂರಿದ್ದರೆ ಅದು ಬರೀ ಪ್ಲೇಟು. ಒಂದೇ ಇದ್ದರೆ ಅದು ಬಂಗಾರದ ಬಟ್ಟಲು. ಮಿಕ್ಕಿದ್ದನ್ನೆಲ್ಲ ಹುಡುಕಿ ಒಡೆದುಬಿಡಬೇಕು.”

“ಒಡೆಯೋದಾ? ಆ ಮೂವರ ದನಿ ಅದರಲ್ಲಲ್ಲವಾ ಇರೋದು?”

“ಬೇರೆಯವರ ಕೈಲಿ ಒಡೆಸಿದರೆ ನಿನಗೆ ಇನ್ನೂ ಸಂಕಟ. ಅದಕ್ಕೇ ನೀನೇ ಹೋಗು ಅಂತಿದ್ದೀನಿ. ಆ ಮೂವರ ಪಕ್ಕ ಮಲಗೋದು ಬೇಕೋ ಬೇಡವೋ?”

ಅದೊಂದು ಮಾತಿಗೆ ಅವಳು ಒಪ್ಪಿದಳು. ಹಿರಿಯ ಕೆಟ್ಟವನೇನಲ್ಲ. ಅವನ ಹೆಂಡತಿಯೂ ಆಚೆ ದಡದಲ್ಲೇ ಮಲಗಿದ್ದಳು. ಎಚ್ಚರಿಕೆ ಹೇಳಿ ಕಳಿಸಿದ: ಯಾವ ನಾಡಿನಿಂದ ಬಂದೆ ಅಂತ ಯಾರಿಗೂ ಬಾಯಿ ಬಿಡಬೇಡ, ಪ್ಲೇಟಿಗೆ ಬೆಲೆ ಬರುತ್ತೆ ಅಂತ ಗೊತ್ತಾದರೆ ಜನ ಬಚ್ಚಿಡುತ್ತಾರೆ. ಒಡೆಯುವುದನ್ನು ಇದ್ದವರ ಕಣ್ಣೆದುರೇ ಒಡಿ. ಒಡೆದದ್ದರ ನಡುವಿನ ದುಂಡು ಚೂರನ್ನು ಸಾಕ್ಷಿಗೆ ತಾ.

ಡ್ರಮ್ಮಿನವಳು ಬೆನ್ನಿಗೆ ಕಂಬಳಿಗಳ ಗಂಟು ಕಟ್ಟಿಕೊಂಡು ಹೊರಟಳು. ಒಂದು ಪ್ಲೇಟಿಗೆ ಬದಲು ಒಂದು ಕಂಬಳಿ. ಗಂಟು ಮುಗಿದಾಗ ಊರಿಗೆ ಬಂದು, ಹೊಸ ಗಂಟು ಕಟ್ಟಿಕೊಂಡು ಮತ್ತೆ ಹೊರಡುವಳು. ಹೀಗೆ ಒಂಬತ್ತು ವರ್ಷ. ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಿದ್ದಳು: ಒಡೆಯುವ ಮುಂಚೆ ಆ ಮನೆಯವರ ಜೊತೆ ಕೂತು ಹಾಡನ್ನು ಮೊದಲಿನಿಂದ ಕೊನೆಯವರೆಗೂ ಒಂದು ಸಲ ಕೇಳಬೇಕು. ಕೇಳಬೇಕು, ಆಮೇಲೆ ಹೊಸ್ತಿಲಿಗೆ ಕುಕ್ಕಿ ಒಡೆಯಬೇಕು.

ಕೊಡಲ್ಲ ಅಂದವರು ಯಾರೂ ಇಲ್ಲ ಅಂತಲ್ಲ. ಒಂದು ದೇಶದಲ್ಲಿ ಕ್ಷೌರದ ಅಂಗಡಿಯವನೊಬ್ಬ ಪ್ಲೇಟನ್ನು ಎದೆಗೆ ಅವುಚಿಕೊಂಡು ನಿಂತುಬಿಟ್ಟ.

“ಇದನ್ನು ಹಾಕದೇ ನಾನು ಒಂದು ದಿನವೂ ಕತ್ತರಿ ಹಿಡಿದವನಲ್ಲ ತಾಯಿ. ನೋಡಿ, ಇವರೆಲ್ಲ ಕ್ಷೌರಕ್ಕೆ ಬಂದವರಲ್ಲ, ಹಾಡಿಗೆ ಬಂದವರು. ಮಾತು ಅರ್ಥವಾಗಲ್ಲ, ಯಾವ ದೇಶದ್ದು ಅಂತಲೂ ಗೊತ್ತಿಲ್ಲ. ಆದರೂ ಆ ಡ್ರಮ್ಮಿದೆಯಲ್ಲ, ನಡುವೆ ಒಂದು ಕಡೆ ಜೋರಾಗಿ ಬಂದು ತಟ್ಟನೆ ನಿಲ್ಲುತ್ತಲ್ಲ, ಅಬ್ಬಾ!”

ಅವಳ ನಾಲಿಗೆ ತುದಿಯಲ್ಲೇ ಇತ್ತು. ಅದು ನಾನೇ ಕಣಪ್ಪ, ನನ್ನ ಕೈಯೇ ಅದು, ನಮ್ಮ ನಾಡಿನ ಹೆಸರು ಹೀಗೆ. ಹೇಳಲಿಲ್ಲ. ಮೂರು ದಿನ ಅಂಗಡಿಯ ಜಗಲಿಯ ಮೇಲೆ ಕೂತಳು. ನಾಲ್ಕನೆಯ ದಿನ, “ನನಗೆ ಸಾಯೋ ಮುಂಚೆ ಇದು ಬೇಕಪ್ಪ” ಅಂತ ಕೈ ಮುಗಿದಳು. ವಯಸ್ಸಾದವಳು ಕೈ ಮುಗಿದ ಮೇಲೆ ಅವನು ತಾನೇ ಏನು ಮಾಡುತ್ತಾನೆ? ಕೊಟ್ಟ. ಎಲ್ಲರೂ ಕೂತು ಕೇಳಿದರು. ಅವಳು ಹೊಸ್ತಿಲಿಗೆ ಕುಕ್ಕಿದಾಗ ಕ್ಷೌರದವನು ಎರಡು ಹೆಜ್ಜೆ ಹಿಂದೆ ಸರಿದ.

“ಬೇಕು ಅಂದಿರಿ. ಇಟ್ಟುಕೊಳ್ಳೋಕೆ ಅಂದುಕೊಂಡೆ,” ಅಂದ. ಕಂಬಳಿಯನ್ನು ಅವನು ಮುಟ್ಟಲೂ ಇಲ್ಲ.

ಕೇಳಿದಳು, ಒಡೆದಳು, ದುಂಡು ಚೂರನ್ನು ಚೀಲಕ್ಕೆ ಹಾಕಿದಳು. ಕೆಲವು ಮನೆಯವರು ಅತ್ತರು, ಕೆಲವರು ಶಾಪ ಹಾಕಿದರು, ಕೆಲವರು ಸುಮ್ಮನೆ ಬಾಗಿಲು ಹಾಕಿಕೊಂಡರು. ಒಂಬತ್ತನೆಯ ವರ್ಷ ಚೀಲದಲ್ಲಿ ತೊಂಬತ್ತೊಂಬತ್ತು ಚೂರು ತುಂಬಿದವು. ಹಿರಿಯ ಅವನ್ನು ಅಂಗಳದಲ್ಲಿ ಹರಡಿ, ಮೂರು ಸಲ ಎಣಿಸಿ, ಉಳಿದ ಒಂದು ಪ್ಲೇಟಿಗೆ ಗಾಜಿನ ಪೆಟ್ಟಿಗೆ ಮಾಡಿಸಿದ. ಅವತ್ತಿನಿಂದ ಊರಲ್ಲೂ ಆ ಹಾಡನ್ನು ಹಾಕುವುದು ನಿಂತಿತು. ಮುಳ್ಳು ತಾಗಿದರೆ ಸವೆಯುತ್ತದಲ್ಲ! ಗೋಡೆಯ ಮೇಲೆ ಅಡ್ಡಗೆರೆಗಳು ಅರವತ್ತರವರೆಗೂ ಏರಿದವು. ಇಷ್ಟು ಅಪರೂಪದ ವಸ್ತುವಿಗೆ ಅರವತ್ತಾದರೂ ಬೀಳದೆ ಇರುತ್ತಾ ಅಂತ ಹಿರಿಯನ ಲೆಕ್ಕ.

ಸಭೆಯ ದಿನ ಹಿರಿಯನೂ ಡ್ರಮ್ಮಿನವಳೂ ಮೆಟ್ಟಿಲು ಹತ್ತಿ ಹೋದರು. ಗಾಜಿನ ಪೆಟ್ಟಿಗೆಯನ್ನು ನಡುವೆ ಇಟ್ಟರು. ಹಿರಿಯ ಗಂಟಲು ಸರಿಮಾಡಿಕೊಂಡು, ಲೋಕದಲ್ಲಿ ಇಂಥದು ಇನ್ನೊಂದಿಲ್ಲ, ಇದನ್ನು ಕಂಡವರಿಲ್ಲ, ಇದು ನಮ್ಮದು ಮಾತ್ರ ಅಂತ ಸಾರಿದ. ಸಭೆಯ ಅಧ್ಯಕ್ಷೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು.

“ಇದು ಹಾಡಿನ ಪ್ಲೇಟಲ್ಲವಾ? ಒಂದು ಸಲ ಹಾಕಬಹುದಾ?”

“ಅಯ್ಯಯ್ಯೋ, ಬೇಡ ತಾಯಿ!” ಅಂದ ಹಿರಿಯ. “ಮುಳ್ಳು ತಾಗಿದರೆ ಗೀರು ಬೀಳುತ್ತೆ. ಇರೋದು ಇದೊಂದೇ.”

ಅಧ್ಯಕ್ಷೆ ಡ್ರಮ್ಮಿನವಳ ಕಡೆ ತಿರುಗಿದಳು. “ನೀವೇನಂತೀರಿ?”

ಡ್ರಮ್ಮಿನವಳ ಕೈ ಎರಡೂ ತುರಿಸಿದವು. ಎದುರಿಗೇ ಮರದ ಮೇಜಿತ್ತು. ಪ್ಲೇಟು ಬೇಡ, ಮೇಜಿನ ಮೇಲೆ ಬೆರಳಲ್ಲಿ ಬಾರಿಸಿದರೂ ಸಾಕಿತ್ತು. ಒಂಬತ್ತು ವರ್ಷ ಒಡೆದದ್ದು ದಂಡವಾಗಿಬಿಟ್ಟರೆ ಅಂತ ಹೆದರಿದಳು. ಆಚೆ ದಡದ ಖಾಲಿ ಜಾಗ ನೆನೆದಳು. “ಅಣ್ಣ ಹೇಳಿದ ಹಾಗೆ,” ಅಂದಳು.

ಈ ಒಂದು ಮಾತನ್ನು ಅವಳು ಆಮೇಲೆ ಮನಸ್ಸಿನಲ್ಲೇ ಎಷ್ಟು ಸಲ ವಾಪಸು ತೆಗೆದುಕೊಂಡಳೋ, ದೇವರಿಗೇ ಗೊತ್ತು. ಆಡಿಬಿಟ್ಟಿದ್ದಳು.

ಪ್ರತಿನಿಧಿಗಳು ಸಾಲಾಗಿ ಬಂದು ಪೆಟ್ಟಿಗೆಯನ್ನು ನೋಡಿದರು. ಒಂದು ಕರಿ ಪ್ಲೇಟು, ಒಂದು ಬಿಳಿ ಹೊದಿಕೆ. ಕಂಡರಿಯದ ವಸ್ತು ಅಂದಮೇಲೆ ಬಲ್ಲೆ ಅನ್ನುವುದು ಹೇಗೆ? ಹಿರಿಯನ ಮುಖ ನೋಡಿ ಕೆಲವರು ಕರುಣೆಯಿಂದ ಕೈ ಎತ್ತಿದರು, ಕೆಲವರು ಹಿಂದಿನ ಗೆಳೆತನಕ್ಕೆ ಎತ್ತಿದರು. ಬಲ್ಲೆ, ಕಲ್ಲು. ಬಲ್ಲೆ, ಕಲ್ಲು. ನಲವತ್ತರ ತನಕ ಬೇಗಬೇಗ ಬಿದ್ದವು. ಆಮೇಲೆ ನಿಧಾನವಾದವು. ನಲವತ್ತೊಂಬತ್ತನೆಯ ಕಲ್ಲು ಬಿದ್ದ ಮೇಲೆ ಎಣಿಸುವವನು ಕೈಯಲ್ಲಿ ಐವತ್ತನೆಯ ಕಲ್ಲು ಹಿಡಿದು ಬಹಳ ಹೊತ್ತು ಕಾದ. ಆ ಪುಣ್ಯಾತ್ಮ ಬೇಕಂತಲೇ ಕಾದ. ಕೊನೆಗೆ ಕಲ್ಲನ್ನು ಬುಟ್ಟಿಗೆ ವಾಪಸು ಹಾಕಿದ.

ಏಳು ಕಡಿಮೆ.

ಹಿರಿಯ ಅಲ್ಲೇ ಕುಸಿದು ಕೂತ. “ದ್ವೀಪದವರ ಬಟ್ಟಲಿಗೆ ಎಂಬತ್ತು ಬಿದ್ದಿತ್ತಲ್ಲಪ್ಪ,” ಅಂದ ಎಣಿಸುವವನಿಗೆ.

“ಬಟ್ಟಲನ್ನು ಯಾರು ನೋಡಿದರು ಯಜಮಾನರೇ?” ಅಂದ ಎಣಿಸುವವನು, ಹಂಡೆಯನ್ನು ಬೋರಲು ಹಾಕುತ್ತ. “ಆ ದ್ವೀಪದ ಉಪ್ಪು ತಿನ್ನದ ದೇಶ ಯಾವುದಿದೆ? ಅವರ ಉಪ್ಪು ತಿಂದವರು ಬಲ್ಲೆ ಅಂದರು.”

ಡ್ರಮ್ಮಿನವಳು ಆ ಮಾತು ಕೇಳಿ ಹೊರಗೆ ಬಂದಳು. ಹಿರಿಯನನ್ನು ಎಬ್ಬಿಸಿಕೊಂಡು ಬರಲು ಅವಳಿಂದ ಆಗಲಿಲ್ಲ. ಮೆಟ್ಟಿಲಿನ ಅರ್ಧಕ್ಕೆ ಇಳಿದು, ಕಂಬಿ ಹಿಡಿದು ಕೂತಳು. ಮಧ್ಯಾಹ್ನದ ಬಿಸಿಲು. ಸಭೆ ಮುಗಿಸಿ ಪ್ರತಿನಿಧಿಗಳು ಗುಂಪುಗುಂಪಾಗಿ ಇಳಿಯುತ್ತಿದ್ದರು, ಯಾರ ಬಸ್ಸು ಎಷ್ಟು ಹೊತ್ತಿಗೆ, ಯಾರ ಹಡಗು ಯಾವಾಗ ಅಂತ ಮಾತಾಡಿಕೊಂಡು.

ಇಳಿಯುತ್ತಿದ್ದವರಲ್ಲಿ ಪ್ರಾಯದವಳೊಬ್ಬಳು ಕೈಯಲ್ಲಿದ್ದ ಕೊಡೆಯನ್ನು ಕಂಬಿಗೆ ತಟ್ಟುತ್ತ ಬಂದಳು. ಸುಮ್ಮನೆ, ಹೊತ್ತು ಹೋಗದೆ. ಟಕ್ಕಟಕ ಟಕ್ಕ. ಡ್ರಮ್ಮಿನವಳ ಬೆನ್ನು ನೆಟ್ಟಗಾಯಿತು. ಹಿಂದೆ ಬರುತ್ತಿದ್ದ ಒಬ್ಬ ದಢೂತಿ ಪ್ರತಿನಿಧಿ ಅದನ್ನು ಕೇಳಿ ಮೂಗಿನಲ್ಲೇ ಗಿಟಾರಿನ ರಾಗ ಎತ್ತಿದ. ಕೊಡೆಯವಳು ತಟ್ಟನೆ ಹಿಂದೆ ತಿರುಗಿದಳು.

“ಅರೆ! ಇದು ನಿಮಗೂ ಗೊತ್ತಾ?”

“ನಮ್ಮ ಬೀದಿಗೆಲ್ಲ ಗೊತ್ತು. ನಮ್ಮ ಅತ್ತೆ ಬೆಳಗಾದರೆ ಹಾಕೋಳು. ನಿಮಗೆ ಹೇಗೆ?”

“ನಮ್ಮ ಕಾಲೇಜಿನ ಹಾಸ್ಟೆಲ್ಲಲ್ಲಿ ಇತ್ತು!”

ಮೇಲಿನ ಮೆಟ್ಟಿಲಿನಿಂದ ಇನ್ನೊಬ್ಬರು ಹಾಡುವವನ ದನಿ ಎತ್ತಿದರು. ಮಾತು ತಪ್ಪು ತಪ್ಪು, ರಾಗ ಮಾತ್ರ ಸರಿ. ಮತ್ತೊಬ್ಬರು ಚಪ್ಪಾಳೆ ಸೇರಿಸಿದರು. ಡ್ರಮ್ಮಿನವಳು ಎಣಿಸಿದಳು. ಐದು. ಆರು. ಏಳು. ಇನ್ನೂ ಬರುತ್ತಿದ್ದರು, ಹಾಡುತ್ತ ಬರುತ್ತಿದ್ದರು. ಏಳರ ಮೇಲೆ ಅವಳು ಎಣಿಸಲಿಲ್ಲ.

“ಈಗ ಆ ಪ್ಲೇಟು ಇದೆಯೇನ್ರೀ?” ದಢೂತಿಯವನು ಕೇಳಿದ.

“ಎಲ್ಲಿ ಬಂತು? ಯಾರೋ ಒಬ್ಬ ಹೆಂಗಸು ಬಂದಳು, ನಮ್ಮನ್ನೆಲ್ಲ ಕೂರಿಸಿಕೊಂಡು ಪೂರ್ತಿ ಕೇಳಿದಳು, ಕೇಳಿ ಕುಕ್ಕಿ ಒಡೆದು ಹೋದಳು. ಹುಚ್ಚಿಯೋ ಏನೋ ಪಾಪ. ಯಾವ ದೇಶದ ಹಾಡು ಅಂತಲೂ ತಿಳಿಯಲಿಲ್ಲ.”

“ನಮ್ಮಲ್ಲೂ ಹಾಗೇ ಆಯಿತು!”

ಡ್ರಮ್ಮಿನವಳು ಕಂಬಿ ಹಿಡಿದು ಎದ್ದು ನಿಂತಳು. “ಆ ಹುಚ್ಚಿ ನಾನೇ ಮಗಳೇ,” ಅಂದಳು. ಹಾಡು ನಿಂತಿತು. ತನ್ನ ನಾಡಿನ ಹೆಸರು ಹೇಳಿದಳು. ಒಂಬತ್ತು ವರ್ಷ ಯಾರಿಗೂ ಹೇಳದ ಹೆಸರು.

ಕೊಡೆಯವಳು ಅವಳ ಮುಖ ನೋಡಿದಳು, ಮೇಲೆ ಸಭೆಯ ಬಾಗಿಲು ನೋಡಿದಳು. “ಈಗ ಒಳಗೆ, ಆ ಗಾಜಿನ ಪೆಟ್ಟಿಗೆಯಲ್ಲಿದ್ದದ್ದು ಇದೇನಾ?”

“ಹೂಂ.”

“ಅಯ್ಯೋ ಅಜ್ಜಿ, ಒಂದು ಸಲ ಹಾಕಬಾರದಿತ್ತಾ? ನಾನು ಕೈ ಎತ್ತಲೇ ಇಲ್ಲವಲ್ಲ!”

“ಕೇಳಿದರಮ್ಮ. ಹಾಕಬಹುದಾ ಅಂತ ನನ್ನನ್ನೇ ಕೇಳಿದರು.”

ಮೇಲೆ ಬಾಗಿಲಿಗೆ ಅಗುಳಿ ಬಿದ್ದ ಸದ್ದಾಯಿತು. ಕೊಡೆಯವಳು ಕೊಡೆಯನ್ನು ಕೆಳಗಿಟ್ಟು, ಆ ಬಿಸಿಲಲ್ಲಿ, ಮೆಟ್ಟಿಲ ಮೇಲೆ ನಿಂತಲ್ಲೇ ಬಲಗೈ ಎತ್ತಿದಳು. “ಬಲ್ಲೆ,” ಅಂದಳು. ದಢೂತಿಯವನೂ ಎತ್ತಿದ. ಹಾಡುತ್ತ ಬಂದವರೆಲ್ಲ ಒಬ್ಬೊಬ್ಬರಾಗಿ ಎತ್ತಿದರು. ಎಣಿಸುವವರು ಅಲ್ಲಿ ಯಾರೂ ಇರಲಿಲ್ಲ. ಕೈಗಳು ಹಾಗೇ ನಿಂತವು, ಯಾರಿಗೂ ಮೊದಲು ಇಳಿಸುವ ಮನಸ್ಸಿಲ್ಲ.

ಡ್ರಮ್ಮಿನವಳು ಕೊಡೆಯವಳ ಹತ್ತಿರ ಬಂದು, ಎತ್ತಿದ ಆ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

“ಇಳಿಸಮ್ಮ, ಸಾಕು,” ಅಂದಳು. “ಮುಂದಿನ ಸಭೆ ತನಕ, ಹನ್ನೆರಡು ವರ್ಷ ಹೀಗೇ ಹಿಡಿದಿರೋಕಾಗುತ್ತಾ?”